ಕುರುವಾಯಿಯ ಹೊಟ್ಟೆಯೊಳಗಿನ ಗುಟ್ಟು



ಹೋದ ಸಲ ಹಪ್ಪಳ ಕೆಡದಂತೆ ಇಡುವ ಬಗ್ಗೆ ಬರೆದಿದ್ದೆ. ಈ ಸಲ ಅಡುಗೆಮನೆಯಿಂದ ಹಿತ್ತಿಲಿಗೆ ಬನ್ನಿ.

ತೊಕ್ಕೊಟ್ಟಿನ ನಮ್ಮ ಮನೆಗೆ ಇದ್ದದ್ದೇ ಆರು ತೆಂಗು. ಅದರಲ್ಲಿ ಒಂದು ಎಳೆ ಸಸಿಯ ಸುಳಿಯನ್ನು ಕುರುವಾಯಿ ಕೊರೆದು ಸಾಯಿಸಿಯೇ ಬಿಟ್ಟಿತು. ಹೊಸ ಗರಿ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಂಡರೆ, ಅದು ಈ ಕೊಂಬಿನ ದುಂಬಿಯದೇ ಕೆಲಸ. ಸಿಟ್ಟಿನಿಂದ ನಮ್ಮವರು ವಿಷದ ಪುಡಿ ತಂದು ಗೊಬ್ಬರದ ಗುಂಡಿಗೆ ಸುರಿಯಲು ಹೊರಟರು. ದುಂಬಿ ಮೊಟ್ಟೆಯಿಟ್ಟು ಮರಿ ಬೆಳೆಯುವುದು ಅಲ್ಲೇ ತಾನೆ! ನಾನು ತಡೆದೆ. ಹತ್ತು ಹೆಜ್ಜೆಗೆ ಬಾವಿ ಉಂಟು, ಕೋಳಿ ಕೆದಕುವುದೂ ಅಲ್ಲೇ, ಬಸಳೆಯ ಬುಡಕ್ಕೂ ಅದೇ ಗೊಬ್ಬರ.

"ಹಾಗಾದರೆ ಉಳಿದ ಐದೂ ಹೋಗಲಿ, ಅಲ್ಲವಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಕಾಸರಗೋಡಿನ ತವರಿಗೆ ಹೋದಾಗ. 1916ರಲ್ಲಿ ತೆಂಗಿಗೆಂದೇ ಶುರುವಾದ ಸಂಶೋಧನಾ ಕೇಂದ್ರ ಅಲ್ಲಿದೆ. ಈಗ ಸಿ.ಪಿ.ಸಿ.ಆರ್.ಐ. ಎನ್ನುತ್ತಾರೆ. ಅಣ್ಣ ಕರೆದುಕೊಂಡು ಹೋದ.

ಗೊಬ್ಬರದಲ್ಲಿ ಮುದುಡಿ ಮಲಗುವ ಬಿಳಿ ಹುಳವನ್ನು ನೀವೂ ನೋಡಿರುತ್ತೀರಿ. ಬರೇ ಸೆಗಣಿ, ಕೊಳೆತ ಮರ ತಿಂದು ಅಷ್ಟು ದಪ್ಪವಾಗುವುದು ಹೇಗೆ? ನಮ್ಮ ದನಕ್ಕೆ ಹುಲ್ಲು ಜೀರ್ಣವಾಗುವುದು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಂದಲ್ಲವೇ? ಈ ಹುಳದ ಕರುಳಿನಲ್ಲೂ ಬ್ಯಾಕ್ಟೀರಿಯಾಗಳಿದ್ದು, ದೋಸೆಹಿಟ್ಟು ಹುಳಿ ಬರುವ ಹಾಗೆ ನಾರನ್ನು ಹುಳಿ ಬರಿಸಿ ಕರಗಿಸುತ್ತವೆ.

ಅದರ ಬಲವೆಲ್ಲ ಹೊಟ್ಟೆಯಲ್ಲಿ, ಅದನ್ನು ಸೋಲಿಸುವ ದಾರಿಯೂ ಅಲ್ಲೇ! 1963ರಲ್ಲಿ ಮಲಯಾದಲ್ಲಿ ಹ್ಯೂಗರ್ ಎಂಬ ಜರ್ಮನ್ ವಿಜ್ಞಾನಿ ಈ ಹುಳಕ್ಕೆ ತಗಲುವ ವೈರಸ್ ಒಂದನ್ನು ಕಂಡರು. ಅದು ದುಂಬಿಯ ಕರುಳಿನಲ್ಲಿ ಸೇರಿ ಹೆಚ್ಚುತ್ತದೆ. ರೋಗ ಹಿಡಿದ ದುಂಬಿ ಕೂಡಲೇ ಸಾಯುವುದಿಲ್ಲ. ತಿನ್ನುವುದು ಕಡಿಮೆ, ಮೊಟ್ಟೆ ಇಡುವುದೂ ಕಡಿಮೆ. ಹೋದಲ್ಲೆಲ್ಲ ಹಿಕ್ಕೆಯ ಮೂಲಕ ತನ್ನವರಿಗೇ ರೋಗ ಹಂಚುತ್ತದೆ. 1980ರ ದಶಕದಲ್ಲಿ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಕಾಸರಗೋಡಿನವರು ಇಂಥ ದುಂಬಿಗಳನ್ನು ಬಿಟ್ಟು ಕಾಟ ಇಳಿಸಿದರು. ದನಕರು, ಮನುಷ್ಯರಿಗೆ ಈ ರೋಗ ತಗಲದು.

ವೈರಸ್ ಬಿಡುವುದು ತಿಳಿದವರ ಕೆಲಸ. ನಾವು ಮಾಡಬಹುದಾದದ್ದು ಇಷ್ಟು:

ಎರಡು ಮೂರು ತಿಂಗಳಿಗೊಮ್ಮೆ ಗೊಬ್ಬರ ಮಗುಚಿ ಹುಳ ಹೆಕ್ಕಿ. ಸತ್ತ ತೆಂಗಿನ ಕಾಂಡ ಹಿತ್ತಿಲಲ್ಲಿ ಕೊಳೆಯಲು ಬಿಡಬೇಡಿ.

ಎಳೆ ಸಸಿಯ ಸುಳಿಯ ಹತ್ತಿರದ ಗರಿಗಳ ಬುಡದಲ್ಲಿ ಮೂರು ನಾಲ್ಕು ನುಸಿಗುಳಿಗೆ ಇಟ್ಟು ಮರಳು ಮುಚ್ಚಿ. 45 ದಿನಕ್ಕೊಮ್ಮೆ ಹೊಸದು ಇಡಿ. ಗುಳಿಗೆ ಮಕ್ಕಳ ಕೈಗೆ ಸಿಗಬಾರದು.

ಗುಂಡಿಗೆ ಬೆರೆಸುವ ಮೆಟಾರೈಜಿಯಂ ಎಂಬ ಹಸಿರು ಬೂಸು ಉಂಟು. ಹುಳದ ಚರ್ಮ ತೂರಿ ಕೊಲ್ಲುತ್ತದೆ. ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ವಿಷದ ಪೊಟ್ಟಣ ಒಡೆಯದೆ ಅಂಗಡಿಗೆ ಹಿಂದೆ ಹೋಯಿತು. ಮರುದಿನ ನಮ್ಮವರೇ ಗುಂಡಿ ಮಗುಚಿದರು. ಸಿಕ್ಕ ಹುಳ ಮೂವತ್ತೇಳು! ಕೋಳಿಗಳಿಗೆ ಅಂದು ಹಬ್ಬ. ಈ ಸಲ ಬಿಚ್ಚಿದ ಹೊಸ ಗರಿಗಳಲ್ಲಿ ಕತ್ತರಿಸಿದ್ದು ಒಂದೇ.

ಐದೂ ಮರ ನಿಂತಿವೆ. ಬಾವಿಯ ನೀರನ್ನು ಭಯವಿಲ್ಲದೆ ಕುಡಿಯುತ್ತೇವೆ.