ಕ್ರಿಸ್‌ಮಸ್ ರಜೆ: ಕಲ್ಪತರು ನಾಡಿನವರ ದಾರಿ ಯಾವ ಕಡೆಗೆ?

ತುಮಕೂರು: ಡಿಸೆಂಬರ್ ಮೂರನೇ ವಾರ ಕಾಲಿಟ್ಟಿತೆಂದರೆ ತುಮಕೂರು, ಗುಬ್ಬಿ, ಕುಣಿಗಲ್‌ನ ಮನೆಗಳಲ್ಲಿ ಒಂದೇ ಚರ್ಚೆ. ಈ ಬಾರಿ ರಜೆಗೆ ಎಲ್ಲಿಗೆ? ಮಕ್ಕಳಿಗೆ ಕಡಲು ಬೇಕು, ಹಿರಿಯರಿಗೆ ದೇವಸ್ಥಾನ ಬೇಕು, ದುಡಿಯುವವರಿಗೆ ಎರಡು ದಿನದ ನಿದ್ದೆ ಬೇಕು. ಮೇಲ್ನೋಟಕ್ಕೆ ಇದು ಕುಟುಂಬದೊಳಗಿನ ಸಣ್ಣ ತಕರಾರು. ಆದರೆ ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ, ರಾಜ್ಯದ ಎರಡು ಪ್ರಮುಖ ಹೆದ್ದಾರಿಗಳ ಬಾಯಲ್ಲಿ ಕುಳಿತಿರುವ ಈ ಊರುಗಳ ಮಟ್ಟಿಗೆ ಪ್ರಶ್ನೆ ಅಷ್ಟು ಸರಳವಲ್ಲ. ರಾಜಧಾನಿಯ ಜನ ರಜೆಗೆ ಹೊರಟಾಗ ಅರ್ಧಕ್ಕರ್ಧ ವಾಹನಗಳು ಹಾದುಹೋಗುವುದು ಇವರ ಮನೆಯ ಮುಂದೆಯೇ.

ಹೀಗಾಗಿ ಇಲ್ಲಿನವರ ಆಯ್ಕೆಯನ್ನು ತಾಣದ ಚೆಲುವು ನಿರ್ಧರಿಸುವುದಕ್ಕಿಂತ ಹೆಚ್ಚಾಗಿ ರಜೆಯ ದಿನಗಳು, ರಸ್ತೆಯ ಸ್ಥಿತಿ ಮತ್ತು ಜೇಬಿನ ತೂಕ ನಿರ್ಧರಿಸುತ್ತವೆ.

ರಜೆ ಯಾರಿಗೆ, ಎಷ್ಟು ದಿನ?

‘ಕ್ರಿಸ್‌ಮಸ್ ರಜೆ’ ಎಂಬ ಮಾತು ಎಲ್ಲರಿಗೂ ಒಂದೇ ಅರ್ಥ ಕೊಡುವುದಿಲ್ಲ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ದೊಡ್ಡ ರಜೆ ಇರುವುದು ದಸರೆಗೆ ಮತ್ತು ಬೇಸಿಗೆಗೆ. ಡಿಸೆಂಬರ್ 25 ಅವುಗಳಿಗೆ ಒಂದು ದಿನದ ರಜೆ ಮಾತ್ರ. ಕ್ರೈಸ್ತ ಆಡಳಿತದ ಸಂಸ್ಥೆಗಳು ದಸರೆ ರಜೆಯನ್ನು ಕಡಿತಗೊಳಿಸಿ, ಆ ದಿನಗಳನ್ನು ಕ್ರಿಸ್‌ಮಸ್‌ಗೆ ಹೊಂದಿಸಿಕೊಳ್ಳುವ ಪದ್ಧತಿ ಇದೆ. ಕೇಂದ್ರೀಯ ಪಠ್ಯಕ್ರಮದ ಹಲವು ಶಾಲೆಗಳು ಚಳಿಗಾಲದ ರಜೆ ನೀಡುತ್ತವೆ. ಒಂದೇ ಮನೆಯಲ್ಲಿ ಅಣ್ಣನಿಗೆ ಹತ್ತು ದಿನ ರಜೆ, ತಂಗಿಗೆ ಒಂದೇ ದಿನ ಎಂಬ ಸ್ಥಿತಿ ನಗರದಲ್ಲಿ ಅಪರೂಪವೇನಲ್ಲ.

ಸರ್ಕಾರಿ ನೌಕರರ ಲೆಕ್ಕವೇ ಬೇರೆ. 2019ರಲ್ಲಿ ರಾಜ್ಯ ಸರ್ಕಾರ ಎರಡನೇ ಶನಿವಾರದ ಜತೆಗೆ ನಾಲ್ಕನೇ ಶನಿವಾರವನ್ನೂ ರಜೆ ಎಂದು ಘೋಷಿಸಿ, ಪ್ರತಿಯಾಗಿ ಸಾಂದರ್ಭಿಕ ರಜೆಗಳನ್ನು ಕಡಿಮೆ ಮಾಡಿತು. ಕ್ರಿಸ್‌ಮಸ್ ಬರುವುದೇ ನಾಲ್ಕನೇ ಶನಿವಾರದ ಆಸುಪಾಸಿನಲ್ಲಿ. 2025ರಲ್ಲಿ ಹಬ್ಬ ಗುರುವಾರ ಬಂದಿತ್ತು; ಶುಕ್ರವಾರ ಒಂದು ದಿನ ರಜೆ ಹಾಕಿದವರಿಗೆ ನಾಲ್ಕು ದಿನ ದಕ್ಕಿತು. 2026ರ ಪಂಚಾಂಗದಲ್ಲಿ ಡಿಸೆಂಬರ್ 25 ಶುಕ್ರವಾರ, 26 ನಾಲ್ಕನೇ ಶನಿವಾರ, 27 ಭಾನುವಾರ. ಅರ್ಜಿ ಬರೆಯದೆಯೇ ಮೂರು ದಿನ. ಬ್ಯಾಂಕು, ಕಚೇರಿ ಎಲ್ಲಕ್ಕೂ ಬೀಗ ಬೀಳುವ ಇಂಥ ವರ್ಷಗಳಲ್ಲಿ ಜನರೆಲ್ಲ ಒಂದೇ ಸಂಜೆ ಹೊರಟು ಒಂದೇ ಸಂಜೆ ಹಿಂತಿರುಗುತ್ತಾರೆ.

ಇದಕ್ಕೆ ಇಲ್ಲಿನ ಋತುಮಾನವೂ ಒತ್ತಾಸೆ ನೀಡುತ್ತದೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಮದುವೆ, ಗೃಹಪ್ರವೇಶಗಳ ಓಡಾಟವಿಲ್ಲ. ಅಯ್ಯಪ್ಪ ಮಾಲಾಧಾರಿಗಳು ಶಬರಿಮಲೆಗೆ, ಕೆಂಪು ಸೀರೆಯುಟ್ಟ ಓಂ ಶಕ್ತಿ ಭಕ್ತೆಯರು ಮೇಲ್ಮರುವತ್ತೂರಿಗೆ ಹೊರಡುವುದೂ ಇದೇ ದಿನಗಳಲ್ಲಿ. ಬಾಡಿಗೆ ಬಸ್ಸು, ಟೆಂಪೊಗಳಿಗೆ ಬೇಡಿಕೆ ಏರುವುದು ಕ್ರಿಸ್‌ಮಸ್ ಪ್ರವಾಸಿಗರಿಂದ ಮಾತ್ರವಲ್ಲ.

ಅಂದಹಾಗೆ, ಹಬ್ಬವೇ ಮುಖ್ಯವಾಗಿರುವ ಕ್ರೈಸ್ತ ಕುಟುಂಬಗಳಿಗೆ ಇದು ಊರು ಬಿಡುವ ಕಾಲವಲ್ಲ, ಊರಿಗೆ ಮರಳುವ ಕಾಲ. ಈ ಸೀಮೆಗೆ ಕ್ರಿಸ್‌ಮಸ್ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. 1830ರ ದಶಕದ ಕೊನೆಯ ವೇಳೆಗೇ ವೆಸ್ಲಿಯನ್ ಮಿಷನರಿಗಳು ಗುಬ್ಬಿಯಲ್ಲಿ ನೆಲೆಯೂರಿದ್ದರು. ಅಲ್ಲಿ ಕೆಲಸ ಮಾಡಿದ ವಿಲಿಯಂ ಆರ್ಥರ್ ಮೈಸೂರು ಸೀಮೆಯ ಅನುಭವಗಳ ಕುರಿತು 1847ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಪ್ರಕಟಿಸಿದರು.

ಮೂರು ಊರು, ಮೂರು ದಾರಿ

ತುಮಕೂರಿನಿಂದ ಶಿರಾ, ಚಿತ್ರದುರ್ಗದತ್ತ ಸಾಗುವ ಹೆದ್ದಾರಿ ಹಂಪಿ, ಬಾದಾಮಿ, ಗೋವೆಗಳ ದಾರಿ. ಗುಬ್ಬಿಯ ಮೂಲಕ ತಿಪಟೂರು, ಅರಸೀಕೆರೆಗೆ ಹೋಗುವ ರಸ್ತೆ ಶಿವಮೊಗ್ಗ, ಜೋಗ, ಚಿಕ್ಕಮಗಳೂರಿನದು. ಕುಣಿಗಲ್ ಹಾದುಹೋಗುವ ಬೆಂಗಳೂರು–ಮಂಗಳೂರು ಹೆದ್ದಾರಿ ಹಾಸನ, ಸಕಲೇಶಪುರ, ಧರ್ಮಸ್ಥಳ, ಕುಕ್ಕೆಗಳಿಗೆ. ರಜೆಯ ಹಿಂದಿನ ಸಂಜೆ ಈ ಮೂರೂ ದಾರಿಗಳ ಹೊರೆ ನೆಲಮಂಗಲದಲ್ಲಿ ಒಟ್ಟಾಗಿ ಬೀಳುತ್ತದೆ.

ಆ ಹೊರೆಯ ಬೆಲೆ ಏನೆಂಬುದನ್ನು 2024ರ ಡಿಸೆಂಬರ್ 21 ತೋರಿಸಿಕೊಟ್ಟಿತು. ಅಂದು ಶನಿವಾರ. ನೆಲಮಂಗಲ ಸಮೀಪದ ತಾಳೆಕೆರೆ ಬಳಿ ಕಂಟೈನರ್ ಲಾರಿಯೊಂದು ವಿಭಜಕ ದಾಟಿ ಬಂದು ಕಾರಿನ ಮೇಲೆ ಉರುಳಿತು. ರಜೆಗೆಂದು ಊರಿಗೆ ಹೊರಟಿದ್ದ ಒಂದೇ ಕುಟುಂಬದ ಆರು ಮಂದಿ ಸ್ಥಳದಲ್ಲೇ ಅಸುನೀಗಿದರು. ಕಾರು ಸುರಕ್ಷತೆಗೆ ಹೆಸರಾದ ಕಂಪನಿಯದು. ಹೋಗುತ್ತಿದ್ದುದು ತನ್ನ ಪಥದಲ್ಲಿ. ಚಾಲಕನ ಎಚ್ಚರ, ವಾಹನದ ಗುಣಮಟ್ಟ ಎರಡೂ ಇದ್ದರೂ ಸಾಲದು, ಸರಕು ಲಾರಿಗಳೂ ಪ್ರವಾಸಿ ಕಾರುಗಳೂ ಒಂದೇ ಹೊತ್ತಿನಲ್ಲಿ ಒಂದೇ ರಸ್ತೆಗಿಳಿಯುವುದೇ ಅಪಾಯ ಎಂಬುದು ಆ ದುರಂತದ ಪಾಠ.

ತುಮಕೂರಿನವರಿಗೆ ಇಲ್ಲೊಂದು ಅನುಕೂಲವೂ ಇದೆ. ನೆಲಮಂಗಲದ ದಟ್ಟಣೆಯನ್ನು ದಾಟಿದ ಮೇಲೆಯೇ ಬೆಂಗಳೂರಿಗರ ಪ್ರಯಾಣ ಆರಂಭ. ಇಲ್ಲಿನವರದು ಅದರಾಚೆಯಿಂದಲೇ ಶುರು. ಮೈಸೂರಿಗೆ ಹೋಗಬೇಕಾದವರು ಬೆಂಗಳೂರನ್ನು ಮುಟ್ಟಬೇಕಾಗಿಯೇ ಇಲ್ಲ. ಕುಣಿಗಲ್, ಹುಲಿಯೂರುದುರ್ಗ, ಮದ್ದೂರು ಮಾರ್ಗವಾಗಿ ನೇರ ತಲುಪಬಹುದು. ವರ್ಷಾಂತ್ಯಕ್ಕೆ ಅರಮನೆ ಆವರಣದಲ್ಲಿ ಫಲಪುಷ್ಪ ಪ್ರದರ್ಶನ, ಸಂತ ಫಿಲೋಮಿನಾ ಚರ್ಚ್‌ನಲ್ಲಿ ಹಬ್ಬದ ಸಂಭ್ರಮ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರಗಳ ಪೈಕಿ ಮೊದಲೆರಡು ಹಾಸನದ ದಾರಿಯಲ್ಲೂ ಮೂರನೆಯದು ಮೈಸೂರಿನ ದಾರಿಯಲ್ಲೂ ಸಿಗುತ್ತವೆ.

ಮಲೆನಾಡಿನ ಮಾತು ಬೇರೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಶ್ರೇಣಿಗೆ 2025ರ ಸೆಪ್ಟೆಂಬರ್‌ನಿಂದ ವಾಹನಗಳ ಸಂಖ್ಯೆಗೆ ಮಿತಿ ಹೇರಿ, ಮುಂಗಡ ಆನ್‌ಲೈನ್ ನೋಂದಣಿಯನ್ನು ಕಡ್ಡಾಯಗೊಳಿಸಲಾಯಿತು. ಜತೆಗೆ ದತ್ತ ಜಯಂತಿ ಬರುವುದು ಸಾಮಾನ್ಯವಾಗಿ ಡಿಸೆಂಬರ್‌ನಲ್ಲೇ. ಆ ದಿನಗಳಲ್ಲಿ ಗಿರಿಶ್ರೇಣಿಗೆ ಪ್ರವಾಸಿಗರ ಪ್ರವೇಶವನ್ನು ಜಿಲ್ಲಾಡಳಿತ ನಿರ್ಬಂಧಿಸುವುದು ವಾಡಿಕೆ. ಮನೆಯಿಂದ ಹೊರಟ ಮೇಲೆ ಇದನ್ನು ತಿಳಿದು ಅರ್ಧ ದಾರಿಯಿಂದ ಮರಳುವುದಕ್ಕಿಂತ ಮೊದಲೇ ವಿಚಾರಿಸುವುದು ಲೇಸು.

ಬಸ್ಸು, ರೈಲು ಮತ್ತು ಜೇಬು

2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆ ಪ್ರವಾಸದ ನಕ್ಷೆಯನ್ನೇ ಬದಲಿಸಿತು. ರಾಜ್ಯದೊಳಗಿನ ಸಾಮಾನ್ಯ ಹಾಗೂ ವೇಗದೂತ ಸಾರಿಗೆಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ ಎಂದಾದ ಮೇಲೆ, ಎಲ್ಲಿಗೆ ಹೋಗಬೇಕೆಂಬ ತೀರ್ಮಾನದಲ್ಲಿ ಮನೆಯ ಹೆಣ್ಣುಮಕ್ಕಳ ಮಾತಿಗೆ ತೂಕ ಬಂದಿತು. ಧರ್ಮಸ್ಥಳ, ಶೃಂಗೇರಿ, ಹೊರನಾಡುಗಳ ಜತೆಗೆ ಹತ್ತಿರದ ಎಡೆಯೂರು, ಸಿದ್ಧಗಂಗೆಗಳಿಗೂ ಭಕ್ತರ ಹರಿವು ಹೆಚ್ಚಿತು. ಆದರೆ 2025ರ ಜನವರಿ 5ರಿಂದ ಬಸ್ ಪ್ರಯಾಣ ದರ ಶೇ 15ರಷ್ಟು ಏರಿತು. ಅಮ್ಮ, ಅಜ್ಜಿ, ಮಗಳಿಗೆ ಖರ್ಚಿಲ್ಲದ ಪ್ರಯಾಣ ಅಪ್ಪ, ಮಗನಿಗೆ ದುಬಾರಿಯಾಯಿತು. ಹವಾನಿಯಂತ್ರಿತ, ಸ್ಲೀಪರ್ ಬಸ್ಸುಗಳಿಗೆ ಉಚಿತ ಸೌಲಭ್ಯ ಅನ್ವಯಿಸುವುದಿಲ್ಲ. ಹಬ್ಬದ ಹಿಂದಿನ ದಿನ ಖಾಸಗಿ ಬಸ್ಸುಗಳು ಕೇಳುವ ದರವಂತೂ ಪ್ರತಿವರ್ಷದ ದೂರು.

ಇವುಗಳ ನಡುವೆ ರೈಲನ್ನು ಮರೆಯುವವರೇ ಹೆಚ್ಚು. ತುಮಕೂರು, ಗುಬ್ಬಿ ಎರಡೂ ಬೆಂಗಳೂರು–ಅರಸೀಕೆರೆ–ಹುಬ್ಬಳ್ಳಿ ಮಾರ್ಗದಲ್ಲಿವೆ. ದಶಕಗಳ ಕಾಲ ರೈಲಿಗಾಗಿ ಕಾದ ಕುಣಿಗಲ್‌ಗೆ 2017ರಲ್ಲಿ ಬೆಂಗಳೂರು–ಹಾಸನ ಮಾರ್ಗ ಪೂರ್ಣಗೊಂಡು ಕರಾವಳಿಯ ದಾರಿ ತೆರೆಯಿತು. ರಸ್ತೆಯ ದಟ್ಟಣೆ, ಅಪಘಾತದ ಭೀತಿ, ಖಾಸಗಿ ಬಸ್ಸಿನ ದರ ಮೂರಕ್ಕೂ ರೈಲು ಉತ್ತರವಾಗಬಲ್ಲದು. ಆದರೆ 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಡಿಸೆಂಬರ್ 24ರ ಪ್ರಯಾಣಕ್ಕೆ ಅಕ್ಟೋಬರ್ 25ರಂದು ಟಿಕೆಟ್ ತೆರೆಯುತ್ತದೆ ಎಂದಾಯಿತು. ಕ್ರಿಸ್‌ಮಸ್ ವಾರದಲ್ಲಿ ಚರ್ಚೆ ಆರಂಭಿಸುವ ಮನೆಗಳಿಗೆ ಉಳಿಯುವುದು ಕಾಯುವವರ ಪಟ್ಟಿ ಮಾತ್ರ.

ಶಿಂಷೆಯ ಜಾಡಿನಲ್ಲಿ

ದೂರದ ದಾರಿ ಇಷ್ಟು ಕಷ್ಟವಾದಾಗ ಹತ್ತಿರದ ಊರುಗಳು ನೆನಪಾಗುತ್ತವೆ. ಒಂದು ನದಿಯನ್ನು ಹಿಂಬಾಲಿಸಿದರೆ ಈ ಮೂರೂ ತಾಲ್ಲೂಕುಗಳು ಒಂದೇ ಪ್ರವಾಸವಾಗುತ್ತವೆ ಎಂಬುದು ಅನೇಕರ ಗಮನಕ್ಕೆ ಬಂದಿರಲಾರದು. ಕಾವೇರಿಯ ಉಪನದಿ ಶಿಂಷೆ ಹುಟ್ಟುವುದು ತುಮಕೂರಿನ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಎರಡೂ ಇದೇ ನದಿಯವು.

ದೇವರಾಯನದುರ್ಗದಲ್ಲಿ ಬೆಟ್ಟದ ಮೇಲೆ ಯೋಗಾನರಸಿಂಹ, ಕೆಳಗೆ ಭೋಗಾನರಸಿಂಹ. ಕಾಡಿನ ನಡುವೆ ನಾಮದ ಚಿಲುಮೆ. ಗೂಳೂರು ಸಮೀಪದ ಕೈದಾಳದ ಚೆನ್ನಕೇಶವ ದೇವಾಲಯಕ್ಕೆ ಜಕಣಾಚಾರಿಯ ಕಥೆ ಅಂಟಿಕೊಂಡಿದೆ. ಕಡಿದುಕೊಂಡ ಕೈ ಮತ್ತೆ ಬಂದ ಊರಾದ್ದರಿಂದ ಕೈದಾಳವಾಯಿತು ಎಂಬುದು ಜನಪದರ ನಂಬಿಕೆ. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯಿಂದಲೂ ಗುಬ್ಬಿ ವೀರಣ್ಣನವರಿಂದಲೂ ನಾಡಿಗೆ ಪರಿಚಿತವಾದ ಗುಬ್ಬಿ, 2023ರ ಫೆಬ್ರುವರಿಯಲ್ಲಿ ಬಿದರೆಹಳ್ಳ ಕಾವಲ್‌ನಲ್ಲಿ ಉದ್ಘಾಟನೆಗೊಂಡ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿಂದ ಮತ್ತೊಮ್ಮೆ ಸುದ್ದಿಯಾಯಿತು. ಜನಪದ ಗೀತೆಯೊಂದು ಅಮರಗೊಳಿಸಿದ ಕುಣಿಗಲ್ ದೊಡ್ಡಕೆರೆ, ತೋಂಟದ ಸಿದ್ಧಲಿಂಗೇಶ್ವರರ ಎಡೆಯೂರು, ಹುತ್ರಿದುರ್ಗದ ಕೋಟೆ ದಕ್ಷಿಣದ ಕೊನೆಯಲ್ಲಿವೆ.

ಇನ್ನೂ ಒಂದು ತಾಣವಿದೆ, ಯಾವ ಪ್ರವಾಸಿ ಕೈಪಿಡಿಯಲ್ಲೂ ಇಲ್ಲದ್ದು: ಹಳ್ಳಿಯ ಅಜ್ಜಿಮನೆ. ರಾಗಿ ಕೊಯ್ಲು ಮುಗಿದು ಕಣದ ಕೆಲಸ ನಡೆಯುವ, ಅವರೆಕಾಯಿ ಸೊಗಡು ಹಿಡಿದು ಹಿತಕಬೇಳೆ ಸಾರು ಕುದಿಯುವ ಕಾಲವಿದು. ನಗರದ ಮಕ್ಕಳಿಗೆ ಇದನ್ನು ತೋರಿಸಲು ವರ್ಷದಲ್ಲಿ ಬೇರೆ ತಿಂಗಳು ಸಿಗುವುದಿಲ್ಲ.

ಹತ್ತಿರದ್ದೆಲ್ಲ ಸುರಕ್ಷಿತವಲ್ಲ

ಆದರೆ ಹತ್ತಿರವೆಂಬ ಕಾರಣಕ್ಕೇ ಎಚ್ಚರ ಸಡಿಲವಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ತುಮಕೂರು ಸಮೀಪದ ಮಂದಾರಗಿರಿ ಬೆಟ್ಟದ ಬುಡದ ಮೈದಾಳ ಕೆರೆ ಕೋಡಿ ಬಿದ್ದಿತ್ತು. ಸೆಲ್ಫಿ ತೆಗೆಯಲು ಹೋದ ಗುಬ್ಬಿ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬರು ಜಾರಿ ಬಂಡೆಗಳ ಪೊಟರೆಯೊಳಗೆ ಸಿಲುಕಿದರು. ರಾತ್ರಿಯಿಡೀ ಅಲ್ಲೇ ಇದ್ದ ಅವರನ್ನು ಅಗ್ನಿಶಾಮಕ ಸಿಬ್ಬಂದಿ ಮರುದಿನ ಜೀವಂತ ಹೊರತೆಗೆದದ್ದು ಪವಾಡವೆಂದೇ ಜನ ಬಣ್ಣಿಸಿದರು.

ಎಲ್ಲರ ಅದೃಷ್ಟ ಹಾಗಿರುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಮಾರ್ಕೋನಹಳ್ಳಿ ಜಲಾಶಯಕ್ಕೆ ವಿಹಾರಕ್ಕೆ ಬಂದಿದ್ದ ತುಮಕೂರಿನ ಕುಟುಂಬವೊಂದರ ಬಳಗ ನೀರಿಗಿಳಿದಿದ್ದಾಗ ಸೈಫನ್‌ನಿಂದ ಏಕಾಏಕಿ ನೀರು ನುಗ್ಗಿತು. ಮಹಿಳೆಯರು, ಮಕ್ಕಳು ಸೇರಿ ಹಲವರು ಕೊಚ್ಚಿಹೋದರು. ಜಲಾಶಯ ತುಂಬಿದಾಗ ಯಾರೂ ಗೇಟು ಎತ್ತದೆಯೇ ನೀರು ತಾನಾಗಿ ಹೊರಬೀಳುವ ಈ ವ್ಯವಸ್ಥೆ ಹಳೆಯ ಮೈಸೂರು ಎಂಜಿನಿಯರಿಂಗ್‌ನ ಹೆಮ್ಮೆ. ಅದರ ಸ್ವಭಾವ ತಿಳಿಯದವರಿಗೆ ಅದೇ ಮೃತ್ಯು. ಗೇಟು ತೆರೆಯುವ ಮುನ್ನ ಸೈರನ್ ಕೂಗುತ್ತದೆ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಕಡಲತೀರದ ಕಥೆಯೂ ಭಿನ್ನವಲ್ಲ. 2024ರ ಡಿಸೆಂಬರ್‌ನಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಹೋಗಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಈಜು ಬಾರದು, ಅಲೆಯ ಸೆಳೆತದ ಅರಿವಿಲ್ಲ. ಕಡಲು ಕಂಡೊಡನೆ ಉತ್ಸಾಹ ಮಾತ್ರ ಉಕ್ಕುತ್ತದೆ. ತುಮಕೂರು ಜಿಲ್ಲೆಯ ಪೋಷಕರಿಗೂ ಶಾಲೆಗಳಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಆಯ್ಕೆಯ ಲೆಕ್ಕ

ಹಾಗಾದರೆ ಎಲ್ಲಿಗೆ ಹೋಗಬೇಕು? ಒಂದೇ ದಿನ ರಜೆ ಇರುವ ಮನೆಗೆ ಜಿಲ್ಲೆಯೊಳಗಿನ ತಾಣಗಳೇ ಸೂಕ್ತ. ಅದರಲ್ಲೂ ದೇವರಾಯನದುರ್ಗಕ್ಕೆ ಬೆಂಗಳೂರಿನ ವಾಹನಗಳು ಏರುವ ಮೊದಲು, ಮುಂಜಾನೆಯೇ ಹೋಗಿಬರುವುದು ಜಾಣತನ. ಮೂರು ದಿನವಿದ್ದರೆ ಮೈಸೂರು ಅಥವಾ ಹಾಸನದ ಕಡೆ ಹಗಲಿನ ಪ್ರಯಾಣ ಸಾಕು. ಹಂಪಿ, ಕರಾವಳಿಯಂಥ ದೂರದ ಊರುಗಳನ್ನು ವಾರದ ರಜೆ ಇರುವವರಿಗೆ, ರೈಲು ಟಿಕೆಟ್ ಸಿಕ್ಕವರಿಗೆ ಬಿಡುವುದು ಒಳಿತು. ಎರಡು ರಾತ್ರಿ ರಸ್ತೆಯ ಮೇಲೆ ಕಳೆದು ಒಂದು ಹಗಲು ಕಡಲು ನೋಡುವ ಪ್ರವಾಸದಲ್ಲಿ ದಣಿವಿಗಿಂತ ಹೆಚ್ಚಿನದು ದಕ್ಕುವುದಿಲ್ಲ.

ಪ್ರವಾಸಿಗರ ವಿವೇಕದಿಂದಷ್ಟೇ ಎಲ್ಲವೂ ಸರಿಹೋಗದು. ಹಬ್ಬದ ವಾರದಲ್ಲಿ ಯಾವ ಯಾವ ಕೆರೆ, ಜಲಾಶಯ, ಬೆಟ್ಟಗಳಿಗೆ ಜನ ಬರುತ್ತಾರೆಂಬುದು ಜಿಲ್ಲಾಡಳಿತಕ್ಕೆ ಮೊದಲೇ ತಿಳಿದಿರುತ್ತದೆ. ಪಂಚಾಂಗ ನೋಡಿದರೆ ಸಾಕು. ಮಾರ್ಕೋನಹಳ್ಳಿಯ ಸೈಫನ್ ಮುಂದೆ, ಮೈದಾಳದ ಕೋಡಿಯ ಬಳಿ ಕನ್ನಡದಲ್ಲಿ ದೊಡ್ಡ ಎಚ್ಚರಿಕೆ ಫಲಕ, ಹಗ್ಗದ ಬೇಲಿ, ರಜಾದಿನಗಳಲ್ಲಿ ಇಬ್ಬರು ಕಾವಲುಗಾರರು ಇರುವಂತೆ ನೋಡಿಕೊಳ್ಳಲು ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ರಜೆಯ ಹಿಂದಿನ ಸಂಜೆ ನೆಲಮಂಗಲ–ತುಮಕೂರು ನಡುವೆ ಭಾರಿ ಸರಕು ವಾಹನಗಳಿಗೆ ಸಮಯ ನಿಗದಿ ಮಾಡುವುದೂ ಪೊಲೀಸರಿಗೆ ಅಸಾಧ್ಯವಲ್ಲ. ಕೆಲಸಗಳು ಸಣ್ಣವು. ಆದರೆ ಅವು ಡಿಸೆಂಬರ್ 24ಕ್ಕೆ ಮೊದಲೇ ಆಗಬೇಕು.