ಒಂದೇ ಸೊಪ್ಪು, ಹಲವು ಶಿಕ್ಷೆ

ಕಳ್ಳತನವು ಎಲ್ಲ ದೇಶಗಳಲ್ಲಿಯೂ ಕಳ್ಳತನವೇ. ಕೊಲೆಯು ಎಲ್ಲ ದೇಶಗಳಲ್ಲಿಯೂ ಕೊಲೆಯೇ. ಅಮಲಿನ ಪದಾರ್ಥಗಳ ಸಂಗತಿ ಹಾಗಲ್ಲ. ಒಂದು ನಾಡಿನ ನ್ಯಾಯಾಸನವು ಗಲ್ಲಿಗೆ ಕಳಿಸುವ ಕೃತ್ಯಕ್ಕೆ ಮತ್ತೊಂದು ನಾಡಿನ ಸರಕಾರವು ಪರವಾನಿಗೆ ಕೊಟ್ಟು ತೆರಿಗೆ ಎತ್ತುತ್ತದೆ. ಇದು ದೂರದ ಮಾತೆಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ವಾಚಕರು ಉದಾಸೀನರಾಗಲಾಗದು. ಗಡಿಗಲ್ಲಿನ ಆಚೆಗೊಂದು, ಈಚೆಗೊಂದು ಕಟ್ಟಳೆಯಿರುವುದು ಈ ಸೀಮೆಗೆ ಹೊಸತಲ್ಲ. ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಯಲ್ಲಿದ್ದಾಗ ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು.

ಪರದೇಶಗಳ ಸ್ಥಿತಿಯನ್ನು ಮೊದಲು ನೋಡೋಣ. ಸಿಂಗಾಪುರದಲ್ಲಿ 500 ಗ್ರಾಮಿಗಿಂತ ಹೆಚ್ಚು ಗಾಂಜಾ ಸಾಗಿಸಿದವನಿಗೆ ಮರಣದಂಡನೆಯುಂಟು. ನೆರೆಯ ಮಲೇಶಿಯಾ ದೇಶವು 2023ರಲ್ಲಿ ಕಡ್ಡಾಯ ಮರಣದಂಡನೆಯನ್ನು ತೆಗೆದುಹಾಕಿ, ಶಿಕ್ಷೆಯನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು. ಪೋರ್ತುಗಾಲವು 2001ರಿಂದ ಸ್ವಂತ ಸೇವನೆಯ ಅಲ್ಪ ಪ್ರಮಾಣವನ್ನು ಫೌಜದಾರಿ ಅಪರಾಧವೆಂದು ಎಣಿಸುವುದನ್ನೇ ಬಿಟ್ಟಿದೆ. ಉರುಗ್ವೆ 2013ರಲ್ಲಿಯೂ ಕೆನಡಾ 2018ರಲ್ಲಿಯೂ ಗಾಂಜಾ ವ್ಯಾಪಾರವನ್ನು ಕಾಯದೆಯ ಚೌಕಟ್ಟಿನೊಳಗೆ ತಂದವು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ಪ್ರಾಪ್ತ ವಯಸ್ಕನು 25 ಗ್ರಾಮು ಇಟ್ಟುಕೊಂಡು ಬೀದಿಯಲ್ಲಿ ತಿರುಗಬಹುದು. ಥಾಯ್ಲೆಂಡವು 2022ರಲ್ಲಿ ಬಾಗಿಲು ತೆರೆದು, ಅನರ್ಥಗಳನ್ನು ಕಂಡು, 2025ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಅರ್ಧ ಮುಚ್ಚಿತು.

ನಮ್ಮ ದೇಶದ ನಿಲುವೇನು? 1893ರಲ್ಲಿ ನೇಮಕವಾದ ಗಾಂಜಾ-ಭಂಗಿ ವಿಚಾರಣಾ ಆಯೋಗವು ಮರುವರ್ಷ ವರದಿಯನ್ನೊಪ್ಪಿಸಿ, ಸಂಪೂರ್ಣ ನಿಷೇಧ ಬೇಡ, ಹತೋಟಿಯೂ ತೆರಿಗೆಯೂ ಸಾಕು ಎಂದಿತು. ಅಫೀಮನ್ನು ಚೀನಕ್ಕೆ ಮಾರಿ ಬೊಕ್ಕಸ ತುಂಬಿಕೊಂಡ ಸರಕಾರಕ್ಕೆ ಈ ಸಲಹೆ ಅಪ್ರಿಯವಾಗಿದ್ದಿರಲಾರದು. ಸ್ವರಾಜ್ಯದ ಹೋರಾಟವು ಈ ಅಬಕಾರಿ ನೀತಿಯನ್ನು ಧಿಕ್ಕರಿಸಿತು. ಮಾದಕ ಪಾನೀಯಗಳನ್ನೂ ಆರೋಗ್ಯಕ್ಕೆ ಹಾನಿಕರವಾದ ಮಾದಕ ಪದಾರ್ಥಗಳನ್ನೂ ನಿಷೇಧಿಸಲು ಪ್ರಯತ್ನಿಸಬೇಕೆಂದು ಸಂವಿಧಾನದ 47ನೆಯ ಅನುಚ್ಛೇದವು ವಿಧಿಸಿತು. 1961ರ ಅಂತರರಾಷ್ಟ್ರೀಯ ಒಡಂಬಡಿಕೆಯ ಬಳಿಕ 1985ರ ಮಾದಕದ್ರವ್ಯಗಳ ಕಾಯದೆ ಬಂದಿತು. ತೂಕಕ್ಕೆ ತಕ್ಕ ಶಿಕ್ಷೆಯೆಂಬ ತತ್ವವು 2001ರ ತಿದ್ದುಪಡಿಯಿಂದ ಸೇರಿತು.

ಇಂದು ಒಂದು ಕಿಲೋದವರೆಗಿನ ಗಾಂಜಾಕ್ಕೆ ಹೆಚ್ಚೆಂದರೆ ಒಂದು ವರ್ಷದ ಸಜೆ, ಅಥವಾ 10,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. 20 ಕಿಲೋ ಮೀರಿದರೆ 10ರಿಂದ 20 ವರ್ಷ. ಮುಕ್ಕಾಲು ಕಿಲೋ ಸಾಗಿಸಿದವನು ಸಿಂಗಾಪುರದಲ್ಲಿ ಪ್ರಾಣವನ್ನೇ ತೆರಬೇಕು. ನಿಪ್ಪಾಣಿಯಲ್ಲಿ ವರ್ಷದೊಳಗೆ ಮನೆಗೆ ಬರುತ್ತಾನೆ. ಸೊಪ್ಪಿನ ಗುಣ ಎರಡೂ ಕಡೆಗೆ ಒಂದೇ. ಬೇರೆಯಾದುದು ಆಯಾ ಸಮಾಜದ ಭೀತಿ ಮತ್ತು ಆಯಾ ಸರಕಾರದ ನಂಬಿಕೆ.

ಆದರೆ ಬೆಳೆಯುವವನ ವಿಷಯದಲ್ಲಿ ನಮ್ಮ ಕಾಯದೆಗೆ ಈ ತಕ್ಕಡಿ ಇಲ್ಲ. ಕಬ್ಬಿನ ಸಾಲಿನ ನಡುವೆ ನಾಲ್ಕು ಗಿಡ ಹಚ್ಚಿದವನಿಗೂ ನಾಲ್ಕು ಎಕರೆ ಬೆಳೆದವನಿಗೂ ಒಂದೇ ಕಲಮು: ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಕನಿಷ್ಠ ಶಿಕ್ಷೆಯನ್ನು ಹೇಳಿಲ್ಲವಾದ್ದರಿಂದ ನ್ಯಾಯಾಧೀಶರು ಕರುಣೆ ತೋರಬಲ್ಲರು; ಕರುಣೆಯ ಮೇಲೆ ನಿಂತ ನ್ಯಾಯವು ಭದ್ರವಾದ ನ್ಯಾಯವಲ್ಲ. ಗಿಡ ಹಚ್ಚಿದವನು ಜೇಲಿಗೆ ಹೋಗುತ್ತಾನೆ. ಬೀಜ ಕೊಟ್ಟು, ಮುಂಗಡ ಕೊಟ್ಟು, ಮಾಲು ಒಯ್ಯುವ ದಲಾಲನ ಹೆಸರು ಕಾಗದಕ್ಕೆ ಏರುವುದೇ ಕಷ್ಟ.

ನಮ್ಮ ಸೀಮೆಯಲ್ಲಿ ಇನ್ನೊಂದು ವಿಪರ್ಯಾಸವುಂಟು. ತಂಬಾಕು ನಿಪ್ಪಾಣಿಯ ಅನ್ನ. ಅದರ ಯೋಗ್ಯ ಬೆಲೆಗಾಗಿ ನಡೆದ ಚಳವಳಿಯಲ್ಲಿ 1981ರ ಏಪ್ರಿಲ್ 6ರಂದು ಪೋಲೀಸರ ಗುಂಡಿಗೆ 12 ಜನ ರೈತರು ಬಲಿಯಾದರು. ಜಗತ್ತಿನಲ್ಲಿ ಗಾಂಜಾಕ್ಕಿಂತ ಎಷ್ಟೋ ಪಾಲು ಹೆಚ್ಚು ಜನರನ್ನು ಕೊಲ್ಲುವುದು ಈ ಎಲೆಯೇ. ಆದರೂ ಅದನ್ನು ಬೆಳೆಯುವುದು ಅಪರಾಧವಲ್ಲ, ಆಗಲೂ ಕೂಡದು. ಸಾವಿರಾರು ಬೀಡಿ ಕಟ್ಟುವ ಹೆಣ್ಣುಮಕ್ಕಳ ತುತ್ತನ್ನು ಒಂದು ಆಜ್ಞೆಯಿಂದ ಕಸಿಯಲಾಗದು. ಕಾಯದೆಯು ಬರಿಯ ವಿಷದ ಅಳತೆಯಿಂದ ಹುಟ್ಟುವುದಿಲ್ಲ, ಹೊಟ್ಟೆಯ ಅಳತೆಯೂ ಅದರಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಒಂದೇ ದೇಶದೊಳಗೂ ಏಕರೂಪತೆಯಿಲ್ಲ. ಮಹಾರಾಷ್ಟ್ರವು 2012ರಲ್ಲಿ ಗುಟಖಾದೊಂದಿಗೆ ಪಾನಮಸಾಲೆಯನ್ನೂ ನಿಷೇಧಿಸಿತು. ಕರ್ನಾಟಕವು 2013ರಲ್ಲಿ ತಂಬಾಕು, ನಿಕೋಟಿನ್ ಬೆರೆತುದನ್ನು ನಿಷೇಧಿಸಿತು. ಆಚೆಗೆ 1949ರ ಪಾನನಿರೋಧ ಕಾಯದೆಯಂತೆ ಕುಡಿಯುವವನಿಗೆ ಪರವಾನಿಗೆ ಬೇಕು. ಈಚೆಗೆ 1965ರ ಅಬಕಾರಿ ಕಾಯದೆಯ ಆಳಿಕೆ. ಕಾಗಲಕ್ಕೂ ನಿಪ್ಪಾಣಿಗೂ, ಮಿರಜಕ್ಕೂ ಕಾಗವಾಡಕ್ಕೂ ನಡುವಿನ ದಾರಿ ಎಷ್ಟು? ಕಟ್ಟಳೆಗಳು ಭಿನ್ನವಾದಲ್ಲಿ ಲಾಭವು ಕಳ್ಳಸಾಗಣೆಯವನದು, ನಷ್ಟವು ಗಡಿಯ ಹಳ್ಳಿಯದು.

ಪರದೇಶಗಳನ್ನು ಕಣ್ಣು ಮುಚ್ಚಿ ಅನುಕರಿಸಿರೆಂದು ನಾವು ಹೇಳುವುದಿಲ್ಲ. ಸಿಂಗಾಪುರದ ನೇಣೂ ನಮಗೆ ಬೇಡ, ಕೆನಡಾದ ಅಂಗಡಿಯೂ ಬೇಡ. ಇದ್ದ ಕಾಯದೆಯನ್ನೇ ಪೂರ್ಣವಾಗಿ ನಡೆಸಿದರೆ ಅರ್ಧ ಕೆಲಸವಾದಂತೆ. ಹೊಲದಲ್ಲಿ ಅಂಥ ಗಿಡ ಕಂಡರೆ ತಿಳಿಸುವುದು ಭೂಮಿಯ ಒಡೆಯನ ಕರ್ತವ್ಯವೆಂದು 46ನೆಯ ಕಲಮೂ, ಗ್ರಾಮಾಧಿಕಾರಿಗಳ ಕರ್ತವ್ಯವೆಂದು 47ನೆಯ ಕಲಮೂ ಸಾರುತ್ತವೆ. ಪಂಚಾಯತಿಗಳು ಬಿತ್ತಿಗೆಯ ಕಾಲದಲ್ಲಿ ಇದನ್ನು ಡಂಗುರ ಹೊಡೆಸಲಿ. ಅಲ್ಪ ಪ್ರಮಾಣದೊಡನೆ ಸಿಕ್ಕ ವ್ಯಸನಿಯು ತಾನಾಗಿ ಸರಕಾರ ಮನ್ನಿಸಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿದರೆ ಖಟ್ಲೆಯಿಂದ ಬಿಡುಗಡೆಯುಂಟೆಂದು 64-ಎ ಕಲಮು ಹೇಳುತ್ತದೆ. ಈ ಮಾತು ತಾಲೂಕಿನ ದವಾಖಾನೆ, ಠಾಣೆಗಳ ಗೋಡೆಯ ಮೇಲೆ ಕನ್ನಡ, ಮರಾಠಿ ಎರಡರಲ್ಲಿಯೂ ಬರಲಿ. ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಜಿಲ್ಲೆಗಳ ಅಧಿಕಾರಿಗಳು ಕೂಡಿ ಗಡಿಯನ್ನು ಕಾಯಲಿ. ಸಂಸತ್ತು ಬೆಳೆಗಾರನ ಶಿಕ್ಷೆಗೂ ಗಿಡಗಳ ಲೆಕ್ಕದ ಮೇಲೆ ಮೆಟ್ಟಿಲುಗಳನ್ನು ಕಟ್ಟಲಿ.

ದಲಾಲನಿಗೆ ಬಿಗಿ, ವ್ಯಸನಿಗೆ ಮದ್ದು, ಮೋಸಹೋದ ಒಕ್ಕಲಿಗನಿಗೆ ತೂಕದ ನ್ಯಾಯ: ಇಷ್ಟಾದರೆ ನಮ್ಮ ಕಾಯದೆಯು ಯಾವ ದೇಶದ ಕಾಯದೆಯ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.