ಒಂದೇ ಚಟ, ಎರಡು ಕಾರಣ

ವಿದ್ಯುತ್ ಸಿಗರೇಟನ್ನು ಕರ್ನಾಟಕ ಸರಕಾರವು ೨೦೧೬ರಲ್ಲಿಯೂ ಭಾರತ ಸರಕಾರವು ೨೦೧೯ರಲ್ಲಿಯೂ ನಿಷೇಧಿಸಿದವು. ಕೇಂದ್ರದ ಕಾಯಿದೆಯ ಮೇರೆಗೆ ಅದರ ತಯಾರಿಕೆ, ಆಮದು, ಸಾಗಾಟ, ಮಾರಾಟ, ಜಾಹೀರಾತುಗಳೆಲ್ಲವೂ ಅಪರಾಧ. ಮೊದಲ ತಪ್ಪಿಗೆ ಒಂದು ವರುಷದ ವರೆಗಿನ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಯ ವರೆಗಿನ ದಂಡ, ಇಲ್ಲವೆ ಎರಡೂ. ಇಷ್ಟಾದರೂ ಆ ಸಾಮಾನು ಕಳ್ಳದಾರಿಯಿಂದ ಪಟ್ಟಣಗಳಿಗೆ ಬರುತ್ತಲೇ ಇದೆ. ಸ್ವರ್ಣವಲ್ಲಿಯ ಸುತ್ತಣ ಸಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗಳಿಂದ ಓದಿಗೂ ಉದ್ಯೋಗಕ್ಕೂ ಬೆಂಗಳೂರು ಸೇರಿದ ತರುಣ ತರುಣಿಯರು ಅನೇಕರು. ಆದುದರಿಂದ ಇದು ಪರರ ಮನೆಯ ಸುದ್ದಿಯೆಂದು ನಮ್ಮ ವಾಚಕರು ಉಪೇಕ್ಷಿಸತಕ್ಕದ್ದಲ್ಲ.

ಈ ಯಂತ್ರದಲ್ಲಿ ಬೆಂಕಿಯಿಲ್ಲ, ಬೂದಿಯಿಲ್ಲ. ಬ್ಯಾಟರಿಯಿಂದ ಕಾದ ತಂತಿಯು ನಿಕೋಟಿನ್ ಬೆರೆತ ದ್ರವವನ್ನು ಆವಿಯಾಗಿಸುವುದು. ಆ ಆವಿಯನ್ನು ಒಳಗೆಳೆದುಕೊಳ್ಳುವರು. ಹಣ್ಣಿನ, ಪುದೀನದ ಪರಿಮಳಗಳನ್ನು ಕೂಡಿಸಿರುವುದರಿಂದ ಹೊಗೆಸೊಪ್ಪಿನ ನಾತವು ಬಟ್ಟೆಗೆ ಅಂಟದು, ಗುಟ್ಟು ರಟ್ಟಾಗದು. ಗಂಡಸು ಬಸ್ಸಿನ ನಿಲ್ದಾಣದಲ್ಲಿ ನಿಂತು ಬೀಡಿ ಸೇದಿದರೆ ಯಾರೂ ತಿರುಗಿ ನೋಡರು. ಹೆಂಗಸಿಗೆ ಆ ಸಲಿಗೆಯಿಲ್ಲ. ಗುಟ್ಟು ಕಾಯುವ ವಸ್ತುವು ಯಾರನ್ನು ಹೆಚ್ಚು ಸೆಳೆದೀತೆಂಬುದನ್ನು ವಿವರಿಸಬೇಕಾಗಿಲ್ಲ.

ಏಕೆ ಸೇದುತ್ತೀರಿ ಎಂದು ಅಮೆರಿಕೆಯಲ್ಲಿ ವಯಸ್ಕರನ್ನು ಕೇಳಿದವರಿಗೆ ದೊರೆತ ಉತ್ತರಗಳು ವಿಚಾರಾರ್ಹವಾಗಿವೆ. ಸಿಗರೇಟನ್ನು ಬಿಡುವ ಆಸೆಯು ಉಭಯರಲ್ಲಿಯೂ ಕಂಡುಬಂತು. ಆದರೆ ಗಂಡಸರು ರುಚಿಯನ್ನೂ ಸುಖವನ್ನೂ ಹೆಚ್ಚಾಗಿ ಹೇಳಿದರು. ಹೆಂಗಸರು ಮನಸ್ಸಿನ ದುಗುಡವನ್ನು ತಣಿಸುವುದನ್ನೂ, ದೇಹದ ತೂಕವನ್ನು ತಡೆಯುವುದನ್ನೂ, ಆಪ್ತರ ಸಲಹೆಯನ್ನೂ ಹೆಚ್ಚಾಗಿ ಹೇಳಿದರು. ದೇಹಧರ್ಮವೂ ಬೇರೆ: ನಿಕೋಟಿನ್ನನ್ನು ಹೆಂಗಸಿನ ಶರೀರವು ಸಾಮಾನ್ಯವಾಗಿ ಗಂಡಸಿನದಕ್ಕಿಂತ ಬೇಗ ಕರಗಿಸಿಬಿಡುತ್ತದೆ.

ಈ ಭೇದವನ್ನು ವೈದ್ಯರಿಗಿಂತ ಮೊದಲು ಅರಿತವರು ವ್ಯಾಪಾರಿಗಳು. ಮಿಠಾಯಿಯ ಬದಲು ಸಿಗರೇಟು ಹಿಡಿದರೆ ಮೈ ತೆಳ್ಳಗಿರುವುದೆಂದು ಅಮೆರಿಕೆಯ ಒಂದು ಕಂಪನಿಯು ೧೯೨೮ರಲ್ಲಿಯೇ ಸಾರಿತು. ಮರುವರುಷ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ತರುಣಿಯರ ಕೈಗೆ ಸಿಗರೇಟು ಕೊಟ್ಟು, ಅದನ್ನು ಸ್ವಾತಂತ್ರ್ಯದ ಪಂಜೆಂದು ಕರೆಯಿಸಿದರು. ಸ್ವಾತಂತ್ರ್ಯದ ಹೆಸರಿನಲ್ಲಿ ದಾಸ್ಯವನ್ನು ಮಾರುವ ಆ ವಿದ್ಯೆಯು ಇಂದಿಗೂ ಮಾಸಿಲ್ಲ.

ನಮ್ಮ ಮನೆಯ ಮಾತಿಗೆ ಬರೋಣ. ೨೦೧೬-೧೭ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇಕಡಾ ೩೫.೨ ಗಂಡಸರೂ ೧೦.೩ ಹೆಂಗಸರೂ ಯಾವುದಾದರೊಂದು ರೂಪದಲ್ಲಿ ಹೊಗೆಸೊಪ್ಪನ್ನು ಬಳಸುತ್ತಿದ್ದರು. ಇಡೀ ದೇಶದಲ್ಲಿ ಹೊಗೆ ಸೇದುವ ಗಂಡಸರು ಶೇಕಡಾ ೧೯, ಹೆಂಗಸರು ೨. ಅಗಿಯುವ, ಮೂಸುವ, ಹಲ್ಲಿಗೆ ತಿಕ್ಕುವವರಲ್ಲಿ ಗಂಡಸರು ಶೇಕಡಾ ೨೯.೬, ಹೆಂಗಸರು ೧೨.೮. ಅಂದರೆ ನಮ್ಮ ಹೆಂಗಸರ ಚಟವು ಹೊಗೆಯಾಗಿ ಮೇಲೇಳದೆ ಕವಳದೊಳಗೆ ಅಡಗಿದೆ. ಅತಿಥಿಗೆ ಎಲೆಯಡಿಕೆಯ ತಟ್ಟೆ ಹಿಡಿಯುವುದು ನಮ್ಮ ಸೀಮೆಯ ಮರ್ಯಾದೆ. ಆ ಮರ್ಯಾದೆಯ ಮರೆಯಲ್ಲಿ ಹೊಗೆಸೊಪ್ಪಿನ ಎಸಳೊಂದು ಸೇರಿಕೊಂಡರೆ ಅದನ್ನು ಯಾರೂ ಚಟವೆಂದು ಕರೆಯರು. ಕೂಲಿಯ ಹೆಂಗಸು ಹಸಿವನ್ನೂ ಹಲ್ಲುನೋವನ್ನೂ ಮರೆಯಲು ಅದನ್ನು ಬಾಯಿಗಿಡುವಳು. ಗೃಹಿಣಿಯು ಮುಗಿಯದ ಕೆಲಸದ ನಡುವೆ ದೊರೆಯುವ ಒಂದೇ ಬಿಡುವೆಂದು ಇಡುವಳು. ಗಂಡಸಿನ ಬೀಡಿಗೆ ಗೆಳೆಯರ ಕೂಟವುಂಟು. ಅವಳ ಕವಳಕ್ಕೆ ಅಡಿಗೆಮನೆಯ ಏಕಾಂತವೇ ಸಂಗಾತಿ. ವಿದ್ಯುತ್ ಸಿಗರೇಟನ್ನು ಹಿಡಿದ ಮೊಮ್ಮಗಳಿಗೂ ಕವಳ ಹಾಕುವ ಅಜ್ಜಿಗೂ ಕಾರಣದಲ್ಲಿ ಅಂತರವು ನಾವೆಣಿಸಿದಷ್ಟಿಲ್ಲ.

ಹೊಗೆಸೊಪ್ಪು ಕೂಡಿದ ಕವಳವು ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಶೋಧನಾ ಮಂಡಲವು ೧೯೮೫ರಲ್ಲಿ ನಿರ್ಣಯಿಸಿತು. ೨೦೦೪ರಲ್ಲಿ ಅಡಿಕೆಯನ್ನೂ ಆ ಪಟ್ಟಿಗೆ ಸೇರಿಸಿತು. ಅಡಿಕೆಯ ಮಾತು ನಮ್ಮ ತೋಟಿಗರಿಗೆ ಕಹಿ. ಅದರ ವಾದ ಪ್ರತಿವಾದಗಳಿಗೆ ಇದು ಸ್ಥಳವಲ್ಲ. ಹೊಗೆಸೊಪ್ಪಿನ ವಿಷಯದಲ್ಲಾದರೋ ಪ್ರತಿವಾದವೇ ಇಲ್ಲ.

ಗಂಡಸಿಗೆ ಸಲ್ಲುವುದು ಹೆಂಗಸಿಗೇಕೆ ಸಲ್ಲದು ಎಂದು ಕೆಲವರು ಕೇಳುವರು. ಇಬ್ಬರಿಗೂ ಸಲ್ಲದು ಎಂಬುದೇ ನಮ್ಮ ಉತ್ತರ. ರೋಗದಲ್ಲಿ ಸಮಾನತೆಯನ್ನು ಪಡೆದು ಆಗಬೇಕಾದುದೇನೂ ಇಲ್ಲ. ಕಾರಣ ಕೇಳುವುದೇ ಚಟವನ್ನು ಮನ್ನಿಸಿದಂತೆ ಎಂದು ಮತ್ತೆ ಕೆಲವರು ಮುನಿಯುವರು. ಮೂಲವನ್ನು ನೋಡದೆ ಮದ್ದು ಹೊಡೆದರೆ ರೋಗವು ನಿಲ್ಲದೆಂಬುದನ್ನು ತೋಟಿಗರಿಗೆ ನಾವು ಕಲಿಸಬೇಕೆ? ಅಂಗಡಿಯ ಬಾಗಿಲನ್ನು ಕಾಯಿದೆಯು ಮುಚ್ಚಬಲ್ಲದು. ಮನಸ್ಸಿನ ದುಗುಡವನ್ನು ಮುಚ್ಚಲಾರದು.

ಆದುದರಿಂದ ಆರೋಗ್ಯ ಇಲಾಖೆಯು ಗಂಡಸರಿಗೆ ಬರೆದ ಉಪದೇಶವನ್ನೇ ಹೆಂಗಸರಿಗೂ ಓದಿಹೇಳುವುದನ್ನು ಬಿಡಬೇಕು. ಆಶಾ ಕಾರ್ಯಕರ್ತೆಯರು ಮನೆಯೊಳಗೆ ಕುಳಿತು, ಗದರಿಸದೆ, ಕಾರಣವನ್ನು ಕೇಳಬೇಕು. ಸ್ವರ್ಣವಲ್ಲಿಯಲ್ಲಿ ಕೃಷಿ ಜಯಂತಿಗೆ ಕೂಡುವ ಜನರ ಮುಂದೆ ಬೆಳೆಯ ರೋಗದ ಜೊತೆಗೆ ಬೆಳೆಗಾರರ ಮನೆಯ ಈ ರೋಗದ ಮಾತೂ ಬರಲಿ. ಚಟ ಬಿಡಲೆಳಸುವವರಿಗೆ ೧೮೦೦-೧೧-೨೩೫೬ ಎಂಬ ಉಚಿತ ದೂರವಾಣಿಯುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿಂದ ಕನ್ನಡದಲ್ಲಿಯೂ ಸಲಹೆ ದೊರೆಯುವುದು. ಹೆಸರು ಹೊರಗೆ ಬಾರದಂತೆ ಮನೆಯಿಂದಲೇ ಮಾತಾಡಬಹುದೆಂಬುದು ಹೆಂಗಸರಿಗೆ ತಿಳಿಯಲಿ. ಮನೆಯ ಗಂಡಸರು ಮೊದಲು ತಮ್ಮ ಬೀಡಿಯನ್ನು ಬಿಡಲಿ. ಬಳಿಕ ಅವಳನ್ನು ಕೇಳಲಿ, ಮತ್ತು ಅವಳು ಹೇಳಿದ್ದನ್ನು ಕೇಳಿಸಿಕೊಳ್ಳಲಿ.